ಬಿಸಿಲಿಗೆ ಜಮೀನು ಕೊಡುವ ಮೊದಲು

ಈಚೆಗೆ ನಾನು ಸರ್ಕೀಟಿಗೆ ಹೋದ ಊರುಗಳಲ್ಲೆಲ್ಲ, ಬಿತ್ತನೆ ಗೊಬ್ಬರಗಳ ಮಾತು ಮುಗಿಯುತ್ತಲೇ ಜಮೀನ್ದಾರರು ಕೇಳುವ ಪ್ರಶ್ನೆ ಒಂದೇ ಆಗಿರುತ್ತದೆ: “ಸ್ವಾಮಿ, ಸೋಲಾರಿಗೆ ಜಮೀನು ಕೇಳುತ್ತಿದ್ದಾರೆ, ಕೊಡಬಹುದೋ, ಕೊಡಬಾರದೋ?” ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನ್ನಿಂದಾಗಿಲ್ಲ. ಆದುದರಿಂದ ಗ್ರಾಮದ ಮುಖಂಡರೂ ಜಮೀನ್ದಾರರೂ ಯೋಚಿಸಿ ನೋಡತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಕಲ್ಲಿದ್ದಲನ್ನು ಸುಡದೆ ವಿದ್ಯುತ್ತನ್ನು ಪಡೆಯುವುದು ನಮ್ಮ ನಾಡಿಗೆ ಹೊಸದೇನಲ್ಲ. 1902ರಲ್ಲಿಯೇ ಶಿವನಸಮುದ್ರದ ನೀರಿನ ಬಲದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಈಗ ನೀರಿನೊಡನೆ ಗಾಳಿ ಬಿಸಿಲುಗಳನ್ನೂ ಸೇರಿಸಿ, ನಾಡಿಗೆ ಬೇಕಾದ ಶಕ್ತಿಯನ್ನೆಲ್ಲ ಇವುಗಳಿಂದಲೇ ಪಡೆಯಬೇಕೆಂಬ ಗುರಿಯನ್ನು ಲೋಕದಲ್ಲಿ ಹಲವರು ಮುಂದಿಟ್ಟುಕೊಂಡಿದ್ದಾರೆ. ಹೊಗೆಯಿಲ್ಲ, ಬೂದಿಯಿಲ್ಲ, ಇದ್ದಲಿನ ರೈಲಿಗಾಗಿ ಕಾಯುವಂತಿಲ್ಲ. ಗುರಿ ಒಳ್ಳೆಯದೇ ಸರಿ. ಆದರೆ ಬಿಸಿಲನ್ನು ಹಿಡಿಯಲು ವಿಸ್ತಾರವಾದ ನೆಲ ಬೇಕು, ಮತ್ತು ಆ ನೆಲವನ್ನು ಕೇಳುವುದು ರೈತನನ್ನೇ.

ಪಾವಗಡ ತಾಲ್ಲೂಕಿನ ಉದಾಹರಣೆಯನ್ನು ನೋಡಬಹುದು. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರ ಪಾರ್ಕು 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ಜಮೀನನ್ನು ಕ್ರಯಕ್ಕೆ ಕೊಳ್ಳಲಿಲ್ಲ, 28 ವರ್ಷಗಳ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಮಳೆ ಬಾರದೆ ನೆಲಗಡಲೆ ಒಣಗಿಹೋಗುವ ಸೀಮೆಯಲ್ಲಿ ತಪ್ಪದೆ ಬರುವ ಹಣ ಸಾಮಾನ್ಯವಾದುದಲ್ಲ. ಭೂಮಿಯ ಹಕ್ಕೂ ರೈತನಲ್ಲಿಯೇ ಉಳಿಯುತ್ತದೆ. ಆದರೂ ಲೆಕ್ಕವನ್ನು ಕೊನೆಯವರೆಗೆ ಹಾಕಿ ನೋಡಬೇಕು. ಈ ಏರಿಕೆ ವರ್ಷಕ್ಕೆ ನೂರಕ್ಕೆ ಎರಡೂವರೆಯಷ್ಟೇ ಆಯಿತು. ಕೊನೆಯ ವರ್ಷಗಳಲ್ಲಿ ಎಕರೆಗೆ ಸುಮಾರು 39,600 ರೂಪಾಯಿ. ಅಕ್ಕಿ, ಬಟ್ಟೆ, ಔಷಧಿಗಳ ಬೆಲೆ ಇದಕ್ಕಿಂತ ಬೇಗನೆ ಏರುತ್ತ ಬಂದಿರುವುದನ್ನು ತಾವೆಲ್ಲರೂ ಬಲ್ಲಿರಿ. ಇಂದು ದೊಡ್ಡದಾಗಿ ಕಾಣುವ ಮೊಬಲಗು ಮಕ್ಕಳ ಕಾಲಕ್ಕೆ ಅಷ್ಟು ದೊಡ್ಡದಾಗಿರಲಾರದು.

ಗುತ್ತಿಗೆಯ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೂ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಅದರಲ್ಲಿ ಪಾಲಿಲ್ಲ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆಯುತ್ತವೆ, ಎಲ್ಲರಿಗಲ್ಲ. ಮುಖಂಡರಾದವರು ಇದನ್ನು ಕರಾರಿಗೆ ರುಜು ಬೀಳುವ ಮೊದಲೇ ಗ್ರಾಮಸಭೆಯ ಮುಂದಿಟ್ಟು, ದನಕರುಗಳ ದಾರಿ, ಗೋಮಾಳ, ಕೆರೆಗೆ ನೀರು ಹರಿಯುವ ಹಳ್ಳ ಇವುಗಳನ್ನು ಬೇಲಿಯ ಹೊರಗೆ ಉಳಿಸಿಕೊಳ್ಳತಕ್ಕದ್ದು. ಬೇಲಿ ಬಿದ್ದ ಮೇಲೆ ಕೇಳುವವರಿರುವುದಿಲ್ಲ.

ನಾನು ಕಂಡ ಒಂದು ಊರಿನಲ್ಲಿ ಮೂವರು ಅಣ್ಣತಮ್ಮಂದಿರು ಜಮೀನನ್ನು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರು. ಖಾತೆ ಮಾತ್ರ ತೀರಿಹೋದ ತಂದೆಯ ಹೆಸರಿನಲ್ಲಿಯೇ ಇತ್ತು. ಗುತ್ತಿಗೆಯ ಮಾತು ಬಂದಾಗ ಹಿರಿಯನು ತನ್ನ ಪಾಲು ಹೆಚ್ಚೆಂದನು, ಕಿರಿಯನು ಕೋರ್ಟಿಗೆ ಹೋದನು, ಹಣ ಯಾರಿಗೂ ಬರಲಿಲ್ಲ. ಪೋಡಿ ಮಾಡಿಸಿ ಖಾತೆ ಬೇರೆ ಮಾಡಿಕೊಳ್ಳುವುದು ಮೊದಲ ಕೆಲಸ. ಬದು, ಬಾಂದುಕಲ್ಲುಗಳು ನೆಲ ಮಟ್ಟಮಾಡುವಾಗ ಹೋಗಿಬಿಡುವುದರಿಂದ, ಅಳತೆಯ ನಕ್ಷೆಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎರಡನೆಯದು. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟುಗಳನ್ನು ಕಿತ್ತು ನೆಲವನ್ನು ಉಳುವಂತೆ ಮಾಡಿಕೊಡುವವರು ಯಾರೆಂಬುದೂ ಕರಾರಿನಲ್ಲಿಯೇ ಬರೆದಿರಬೇಕು.

ಇನ್ನು, ಬಿಸಿಲು ಸಂಜೆಗೆ ಇಳಿಯುತ್ತದೆ, ದೀಪ ಹಚ್ಚುವುದು ಆಮೇಲೆಯೇ. ಪೂರ್ಣವಾಗಿ ಬಿಸಿಲು ಗಾಳಿಗಳನ್ನು ನಂಬುವುದರ ಮುಖ್ಯ ತೊಡಕು ಇದೇ. ಗದಗ, ಚಿತ್ರದುರ್ಗಗಳ ಗಾಳಿಯಂತ್ರಗಳು ಮುಂಗಾರಿನಲ್ಲಿ ಚೆನ್ನಾಗಿ ತಿರುಗಿ ಮೋಡದ ದಿನಗಳ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಶರಾವತಿಯ ನೀರನ್ನು ಸಂಜೆಗೆಂದು ಹಿಡಿದಿಡಬಹುದು. ಆದರೂ ರಾತ್ರಿಗೆ ರಾಯಚೂರಿನ ಇದ್ದಲಿನ ಸ್ಥಾವರವನ್ನು ಬಿಟ್ಟುಬಿಡುವ ಸ್ಥಿತಿ ಇನ್ನೂ ಬಂದಿಲ್ಲ. ಶಕ್ತಿಯನ್ನು ಕೂಡಿಡುವ ಬ್ಯಾಟರಿಗಳಿಗೆ ಬಹಳ ಹಣ ಬೇಕು.

ಇಲ್ಲಿ ರೈತನಿಂದ ದೊಡ್ಡ ಸಹಾಯವಾಗಬಲ್ಲದು. ಪಂಪುಗಳು ಹಗಲಿನಲ್ಲಿ ನಡೆದರೆ ರಾತ್ರಿಯ ಹೊರೆ ಅಷ್ಟು ಇಳಿಯುತ್ತದೆ. ಹಾವು ಕರಡಿಗಳಿಗೆ ಹೆದರಿಕೊಂಡು ನಡುರಾತ್ರಿ ಸ್ಟಾರ್ಟರ್ ಒತ್ತಲು ಹೋಗುವುದೂ ತಪ್ಪುತ್ತದೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಇಂಥ ಪಂಪುಗಳಿಗೆ ಸಹಾಯಧನವುಂಟು. 5 ಅಶ್ವಶಕ್ತಿಯ ಪಂಪಿಗೆ ಸುಮಾರು 4,800 ವಾಟ್ ಫಲಕ ಬೇಕಾಗುತ್ತದೆ.

ಆದರೆ ಒಂದು ಭಯವನ್ನು ಮುಚ್ಚಿಡಲಾರೆ. ಬಿಸಿಲಿಗೆ ಬಿಲ್ಲಿಲ್ಲ; ಫಲಕ ಹಾಕಿದವನು ಬೆಳಗಿನಿಂದ ಸಂಜೆಯವರೆಗೆ ಪಂಪನ್ನು ನಿಲ್ಲಿಸುವುದೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆ ಬಾವಿಗಳು ಸಾವಿರ ಅಡಿ ದಾಟಿರುವಾಗ ಇದು ಎಲ್ಲಿಗೆ ಮುಟ್ಟೀತು? ಮಿಕ್ಕ ವಿದ್ಯುತ್ತನ್ನು ಲೈನಿಗೆ ಕೊಟ್ಟು ಹಣ ಪಡೆಯುವ ಏರ್ಪಾಡಿದ್ದಲ್ಲಿ ಪಂಪು ನಿಲ್ಲಿಸಲು ಒಂದು ಕಾರಣವಾದರೂ ಇರುತ್ತದೆ. ಅದಿಲ್ಲದ ಕಡೆ ಹನಿ ನೀರಾವರಿಯೊಂದೇ ಹಿಡಿತ. ಸೌರ ಪಂಪಿಗೆ ಅರ್ಜಿ ಹಾಕುವವರು ಹನಿ ಕೊಳವೆಗೂ ಅದೇ ದಿನ ಅರ್ಜಿ ಹಾಕಲಿ. ಬೇಸಗೆಗೆ ಮೊದಲು ಬಾವಿಯ ನೀರಿನ ಮಟ್ಟವನ್ನು ಅಳೆಯಿಸಿ ಬರೆದಿಟ್ಟುಕೊಳ್ಳಲಿ.