ಗ್ರೀನಿಚ್ಚಿನ ಕೆಂಪು ಚೆಂಡು

ಲಂಡನ್ ನಗರವನ್ನು ನೋಡಹೋದವರು ಸಾಮಾನ್ಯವಾಗಿ ನೆಲದಡಿಯ ರೈಲನ್ನೋ ಎರಡಂತಸ್ತಿನ ಬಸ್ಸನ್ನೋ ಹಿಡಿಯುತ್ತಾರೆ. 2018ರ ನವೆಂಬರಿನಲ್ಲಿ ಅಲ್ಲಿಗೆ ಹೋಗಿದ್ದ ನಾವು ಥೇಮ್ಸ್ ನದಿಯ ದೋಣಿಯನ್ನು ಆರಿಸಿಕೊಂಡುದಕ್ಕೆ ಒಂದು ಕಾರಣವಿತ್ತು. ಗ್ರೀನಿಚ್ ವೇಧಶಾಲೆಯ ಮಾಡಿನ ಮೇಲೆ, ಒಂದು ಕಂಬಕ್ಕೆ ಪೋಣಿಸಿದ ಕೆಂಪು ಚೆಂಡಿದೆ. 1833ರಲ್ಲಿ ಮೊದಲಾದ ಪದ್ಧತಿಯಂತೆ ಅದು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಕೆಳಕ್ಕೆ ಬೀಳುತ್ತದೆ. ನದಿಯಲ್ಲಿರುವ ಹಡಗಿನವರು ಅದನ್ನು ನೋಡಿ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳಲೆಂದೇ ಮಾಡಿದ ಏರ್ಪಾಡು ಅದು. ನೀರಿನ ಮೇಲಿದ್ದವರಿಗಾಗಿ ಕಟ್ಟಿದ್ದನ್ನು ನೀರಿನ ಮೇಲಿನಿಂದಲೇ ನೋಡಬೇಕೆಂಬುದು ನಮ್ಮ ಹಟ.

ಹನ್ನೊಂದೂವರೆಗೆ ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಲ್ಲಿ ದೋಣಿ ಹತ್ತಿದೆವು. ಒಂದು ಗಂಟೆಯ ಪ್ರಯಾಣವೆಂದು ಕೇಳಿದ್ದೆವು. ಆದರೆ ಉಬ್ಬರ ಎದುರಿಗಿತ್ತು. ಸಮುದ್ರ ಎಲ್ಲಿ, ಲಂಡನ್ ಎಲ್ಲಿ ಎನ್ನಬಹುದು. ಥೇಮ್ಸಿನ ಅಳಿವೆ ಬಾಯಲ್ಲಿ ಅಗಲವಾಗಿ, ಒಳಬರುತ್ತ ಆಲಿಕೆಯಂತೆ ಕಿರಿದಾಗುತ್ತದೆ. ನುಗ್ಗಿದ ಕಡಲನೀರು ಹರಡಲು ಎಡೆಯಿಲ್ಲದೆ ಮೇಲೇರುತ್ತದೆ. ನಮ್ಮ ಮಂಗಳೂರಿನ ತೀರದಲ್ಲಿ ಎರಡು ಮೀಟರನ್ನೂ ಮುಟ್ಟದ ಏರಿಳಿತ, ಲಂಡನ್ ಸೇತುವೆಯ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ಆರೇಳು ಮೀಟರಾಗುತ್ತದೆ. ದಂಡೆಯ ಕಲ್ಲುಗೋಡೆಗಳ ಮೇಲಿನ ಪಾಚಿಯ ಹಸುರು ಪಟ್ಟೆಯೇ ಅದರ ಅಳತೆಗೋಲು. ಬಸ್ಸಿನಲ್ಲಿ ಕುಳಿತವರಿಗೆ ಇದು ಕಾಣುವಂತಿಲ್ಲ.

1894ರ ಟವರ್ ಸೇತುವೆಯ ಕೆಳಗೆ ಹಾದೆವು. ತಲಾ ಸಾವಿರ ಟನ್ನಿಗೂ ಮಿಕ್ಕ ಅದರ ಎರಡು ತೋಳುಗಳನ್ನು 1976ರವರೆಗೆ ಎತ್ತುತ್ತಿದ್ದುದು ಉಗಿಯಂತ್ರಗಳು ಒತ್ತಡಕ್ಕೊಳಪಡಿಸಿದ ನೀರಿನ ಬಲ. ಆ ಯಂತ್ರಗಳೇ ಈಗ ಪ್ರದರ್ಶನದಲ್ಲಿವೆ. ಇಳಿದು ನೋಡಲು ನಮಗೆ ಹೊತ್ತಿರಲಿಲ್ಲ. ಮುಂದೆ ರಾಥರ್‌ಹೈತ್ ಬಳಿ, ಬ್ರೂನೆಲ್ ತಂದೆಮಕ್ಕಳು ನದಿಯ ತಳದಲ್ಲಿ ಕೊರೆದು 1843ರಲ್ಲಿ ತೆರೆದ ಸುರಂಗ ನಮ್ಮ ಕಾಲ ಕೆಳಗೇ ಇತ್ತು. ಅದರಲ್ಲಿ ಇಂದಿಗೂ ರೈಲು ಓಡುತ್ತದೆ.

ದೋಣಿ ಗ್ರೀನಿಚ್ಚಿನ ತಿರುವಿಗೆ ಬಂದಾಗ ಗಂಟೆ ಹನ್ನೆರಡು ಐವತ್ತಾರು. ಗುಡ್ಡದ ಮೇಲೆ, ಮರಗಳ ಮೇಲ್ಗಡೆ, ಒಂದು ಕೆಂಪು ಚುಕ್ಕೆ ಕಂಬದ ನಡುವಿಗೆ ಏರಿ ನಿಂತಿತ್ತು. ಗಾಳಿ ಜೋರಾದ ದಿನ ಅದನ್ನು ಏರಿಸುವುದಿಲ್ಲ. ಅಂದು ನಮ್ಮ ಪುಣ್ಯ. ಐವತ್ತೆಂಟಕ್ಕೆ ತುದಿ ಮುಟ್ಟಿತು. ಒಂದಕ್ಕೆ ಬಿದ್ದಿತು. ಸದ್ದಿಲ್ಲ, ಸಂಭ್ರಮವಿಲ್ಲ. ಪಕ್ಕದ ಹುಡುಗನೊಬ್ಬ "ಇಷ್ಟೇನೆ?" ಎಂದ. ಊರಿನ ಸಮಯದಲ್ಲೇ ಇಟ್ಟಿದ್ದ ನಮ್ಮ ಕೈಗಡಿಯಾರ ಆರೂವರೆ ತೋರಿಸುತ್ತಿತ್ತು.

ಇಷ್ಟೇ ಅಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಎಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಡುಗಡಲಿನಲ್ಲಿ ಸೂರ್ಯನಿಂದ ಅಲ್ಲಿಯ ನಡುಹಗಲನ್ನು ತಿಳಿಯಬಹುದು. ಅದೇ ಕ್ಷಣ ಗ್ರೀನಿಚ್ಚಿನಲ್ಲಿ ಗಂಟೆಯೆಷ್ಟೆಂದು ತಿಳಿದರೆ ಹಡಗಿನ ರೇಖಾಂಶ ಸಿಕ್ಕಿತು. ನಮ್ಮ ಐದೂವರೆ ಗಂಟೆಯ ಅಂತರವೂ 82½ ಡಿಗ್ರಿಯ ಇದೇ ಲೆಕ್ಕ. ಆದರೆ ಗಡಿಯಾರ ನಾಲ್ಕೇ ನಿಮಿಷ ತಪ್ಪಿದರೂ ಭೂಮಧ್ಯರೇಖೆಯ ಬಳಿ ನೂರಹನ್ನೊಂದು ಕಿಲೋಮೀಟರ್ ತಪ್ಪಿದಂತೆ. 1707ರಲ್ಲಿ ತಾವಿದ್ದ ಎಡೆಯನ್ನು ತಪ್ಪೆಣಿಸಿದ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಸಾವಿರಕ್ಕೂ ಮಿಕ್ಕ ಜನ ಮುಳುಗಿದರು. ಏಳು ವರ್ಷಗಳ ತರುವಾಯ ಪಾರ್ಲಿಮೆಂಟು ರೇಖಾಂಶಕ್ಕೆ 20,000 ಪೌಂಡುಗಳ ಬಹುಮಾನವನ್ನು ಸಾರಿತು.

ಆ ಪ್ರಶ್ನೆಯನ್ನು ಬಿಡಿಸಿದವನು ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ. ಅವನ ನಾಲ್ಕು ಗಡಿಯಾರಗಳನ್ನು ಗುಡ್ಡ ಹತ್ತಿ ನೋಡಿದೆವು. ಮೊದಲನೆಯದು ಮೂವತ್ತು ಕಿಲೋವಿಗೂ ಹೆಚ್ಚು ತೂಗುವ ಹಿತ್ತಾಳೆಯ ಪಂಜರ. ನಾಲ್ಕನೆಯದು ಅಂಗೈಗೆ ತುಸು ದೊಡ್ಡದಾದ ಜೇಬುಗಡಿಯಾರದಂತಿದೆ. 1761ರಲ್ಲಿ ಜಮೈಕಾಕ್ಕೆ ಹೊರಟ ಇದು 81 ದಿನಗಳ ಕಡಲ ಪಯಣದಲ್ಲಿ ಹಿಂದೆ ಬಿದ್ದುದು ಐದು ಸೆಕೆಂಡು ಮಾತ್ರ! ಆದರೂ ಹಣಕ್ಕಾಗಿ ಹ್ಯಾರಿಸನ್ ತನ್ನ ಎಂಬತ್ತರ ವಯಸ್ಸಿನವರೆಗೆ ಹೆಣಗಬೇಕಾಯಿತು. ಮೊದಲ ಮೂರು ಇಂದೂ ನಡೆಯುತ್ತಿವೆ. ನಾಲ್ಕನೆಯದಕ್ಕೆ ಎಣ್ಣೆ ಬೇಕು, ನಡೆಸಿದರೆ ಸವೆಯುತ್ತದೆ; ಆದ್ದರಿಂದ ಎಲ್ಲಕ್ಕೂ ಮಿಗಿಲಾದುದೇ ನಿಂತಿದೆ. ನಮಗೆ ಮನಸ್ಸು ಕೊಂಚ ಮುದುಡಿತು.

ಹೊರಗಿನ ಅಂಗಳದಲ್ಲಿ 1884ರಲ್ಲಿ ಜಗತ್ತು ಒಪ್ಪಿಕೊಂಡ ಸೊನ್ನೆಯ ರೇಖೆಯ ಮೇಲೆ ಎರಡು ಪಾದಗಳನ್ನೂ ಊರಿ ಮೊಬೈಲ್ ಫೋನನ್ನು ನೋಡಿದರೆ, ಅದು ಸೊನ್ನೆಯನ್ನು ತೋರಿಸಲೊಲ್ಲದು! ಫೋನು ಕೆಟ್ಟಿರಲಿಲ್ಲ. ಏರಿ ಎಂಬ ಖಗೋಳಜ್ಞ ತನ್ನ ದೂರದರ್ಶಕವನ್ನು ನಿಲ್ಲಿಸಿದುದು ಅಲ್ಲಿಯ ಗುರುತ್ವದ ಲಂಬಕ್ಕೆ. ಆ ಲಂಬ ಭೂಕೇಂದ್ರದತ್ತ ನೇರವಾಗಿ ಮುಖಮಾಡದೆ ಎಳ್ಳಷ್ಟು ವಾಲಿದೆ. ಉಪಗ್ರಹಗಳಾದರೋ ಭೂಮಿಯ ದ್ರವ್ಯಕೇಂದ್ರದಿಂದಲೇ ಲೆಕ್ಕ ಹಿಡಿಯುತ್ತವೆ. ಅವುಗಳ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕೆ, ಉದ್ಯಾನದ ಹುಲ್ಲಿನ ನಡುವೆ ಬೀಳುತ್ತದೆ. ಅಲ್ಲಿಗೂ ನಡೆದೆವು. ರೇಖೆಯಿಲ್ಲ, ಫಲಕವಿಲ್ಲ, ನಮ್ಮ ಹೊರತು ಯಾರೂ ಇಲ್ಲ.

ನಾಲ್ಕು ಗಂಟೆಗೆ ಮರಳಿ ದೋಣಿ ಹತ್ತಿದಾಗ ಉಬ್ಬರ ಇಳಿತಕ್ಕೆ ತಿರುಗಿತ್ತು. ಬರುವಾಗ ಎದುರಾಗಿದ್ದ ನೀರು ಹೋಗುವಾಗಲೂ ಎದುರೇ.