ಹಾಲಕ್ಕಿ ನುಡಿಯುವ ಹೊತ್ತು

ಹಾಲಕ್ಕಿ ಒಂದು ಗೇಣುದ್ದದ ಗೂಗೆ. ಬೂದು ಬೆರೆತ ಕಂದು ಮೈ, ಮೈತುಂಬ ಬಿಳಿ ಚುಕ್ಕಿ, ಹಳದಿ ಕಣ್ಣು, ಅದರ ಮೇಲೊಂದು ಬಿಳಿ ಹುಬ್ಬು. ಹಾನಗಲ್ಲಿನ ಆನಿಕೆರೆಯ ಆಸುಪಾಸಿನ ಹಳೇ ಮರಗಳ ಪೊಟರೆಗಳಲ್ಲಿ, ಬಿದ್ದ ಮನೆಗಳ ಗೋಡೆಯ ಸಂದಿಗಳಲ್ಲಿ ಜೋಡಿ ಜೋಡಿಯಾಗಿ ಇರುತ್ತದೆ. ಹೊತ್ತು ಇಳಿಯುವಾಗ ಪೊಟರೆಯ ಬಾಯಿಗೆ ಬಂದು ಕೂರುತ್ತದೆ. ಯಾರೋ ನೋಡುತ್ತಿದ್ದಾರೆಂದು ತಿಳಿದರೆ ತಲೆ ಬಗ್ಗಿಸಿ, ಥಟ್ಟನೆ ಮೇಲೆತ್ತಿ, ಮತ್ತೆ ಬಗ್ಗಿಸಿ, ನೆಟ್ಟ ಕಣ್ಣಿನಿಂದ ದಿಟ್ಟಿಸುತ್ತದೆ. ಆಮೇಲೆ ಕೂಗು. ಚಿರ್ರ್ ಚಿರ್ರ್ ಎಂದು ಶುರುವಾಗಿ ಚಿವಕ್ ಚಿವಕ್ ಎಂದು ಏರುತ್ತದೆ. ಜೊತೆಯದು ಅದಕ್ಕೆ ದನಿ ಕೂಡಿಸುತ್ತದೆ. ಅತ್ತೆ ಸೊಸೆ ಒಮ್ಮೆಗೇ ಬಾಯಿ ಮಾಡಿದ ಹಾಗೆ ಗದ್ದಲವೆದ್ದು, ಹಾಗೇ ನಿಂತುಬಿಡುತ್ತದೆ. ನಸುಕಿನಲ್ಲಿ ಮತ್ತೊಮ್ಮೆ ಇದೇ.

ಮಳೆ ಜೋರಾಗಿರುವ ಸಂಜೆಗಳನ್ನು ಬಿಟ್ಟರೆ ಈ ಕೂಗು ದಿನವೂ ಇರುತ್ತದೆ. ಆದರೆ ಓಣಿಯವರನ್ನು ಕೇಳಿದರೆ ದಿನವೂ ಕೇಳಿಸುತ್ತದೆ ಎನ್ನುವವರು ಕಡಿಮೆ. ಅವರ ನೆನಪಿನಲ್ಲಿರುವುದು ಯಾವುದೋ ಒಂದು ರಾತ್ರಿ. ಒಬ್ಬ ಅಜ್ಜಿ ಹೇಳಿದರು: “ನಮ್ಮ ಅತ್ತಿ ಹಾಸಿಗಿ ಹಿಡಿದಾಗ ದಿನಾ ಸಂಜಿಮುಂದ ಬಿಡದಂಗ ಕೂಗ್ತಿತ್ತ್ರೀ. ಆಕಿ ಹ್ವಾದ ಮ್ಯಾಲ ಸುಮ್ಮನಾತು.” ಹಕ್ಕಿ ಸುಮ್ಮನಾಗಿರಲಿಲ್ಲ. ಅದೇ ಪೊಟರೆ, ಅದೇ ಹೊತ್ತು, ಅದೇ ಕೂಗು. ಮನೆಯಲ್ಲಿ ಕಾಯಿಲೆ ಇದ್ದಾಗ ಕಿವಿ ಹೊರಗಿನ ಕತ್ತಲಿಗೆ ತೆರೆದುಕೊಂಡಿತ್ತು, ಕಾಯಿಲೆ ಮುಗಿದ ಮೇಲೆ ಮುಚ್ಚಿಕೊಂಡಿತು. ಅಜ್ಜಿಯ ಮಾತನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಆ ದಿನಗಳಲ್ಲಿ ಹಕ್ಕಿ ಯಾವ ಮರದಲ್ಲಿತ್ತು, ಕೂಗಿಗೆ ಎಷ್ಟು ಹೊತ್ತಿಗೆ ಮರುಕೂಗು ಬರುತ್ತಿತ್ತು, ಮೊದಲು ಕೂಗುತ್ತಿದ್ದದ್ದು ಮೂಡಣದ ಹಕ್ಕಿಯೋ ಪಡುವಣದ್ದೋ ಎಂಬುದನ್ನು ಅವರು ತಡವರಿಸದೆ ಹೇಳಿದರು. ಸಾವಿನ ಹಕ್ಕಿ ಎಂಬ ಅಂಜಿಕೆ ಕಲಿಸಿದ ಪಾಠ ಅದು, ಮತ್ತು ಅದು ಸರಿಯಾದ ಪಾಠ.

ಈ ಅಂಜಿಕೆಯನ್ನೇ ಕಸುಬಾಗಿಸಿಕೊಂಡವರು ಬುಡಬುಡಿಕೆಯವರು. ಕೋಳಿ ಕೂಗುವ ಮುಂಚೆ ರುಮಾಲು ಸುತ್ತಿ, ಬಣ್ಣಬಣ್ಣದ ಅರಿವೆ ಹೊದ್ದು, ಪುಟ್ಟ ಡಮರು ಆಡಿಸುತ್ತ ಓಣಿಗೆ ಬರುತ್ತಾರೆ. ಹಾಲಕ್ಕಿ ನುಡಿದಿದೆ ಎಂದು ಶುರುಮಾಡಿ ಆ ಮನೆಯ ಸುಖ ದುಃಖ ಹೇಳುತ್ತಾರೆ. ಈಚೆಗೆ ಅವರು ಬರುವುದು ತೀರಾ ಅಪರೂಪ. ಒಬ್ಬ ಹಿರಿಯರು ಸಿಕ್ಕಾಗ ಹಕ್ಕಿ ನಿಜವಾಗಿಯೂ ನುಡಿಯುತ್ತದೆಯೇ ಎಂದು ಕೇಳಿದ್ದೆ. “ಅದು ನುಡಿಯೂದು ಸುಳ್ಳಾಗಂಗಿಲ್ರೀ ಯಪ್ಪಾ. ನಾವು ತಿಳಕೊಳ್ಳೂದು ತಪ್ತೈತಿ” ಎಂದರು. ಅವರಿಗೂ ದಿಕ್ಕು ಬೇಕು, ಹೊತ್ತು ಬೇಕು, ಕೂತದ್ದು ಹಸಿ ಕೊಂಬೆಯೋ ಒಣ ಕೊಂಬೆಯೋ ಎಂಬುದೂ ಬೇಕು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರುವ ಅಂಕಣಗಳೂ ಹೆಚ್ಚುಕಡಿಮೆ ಇವೇ.

ಆದರೆ ಆ ಹಕ್ಕಿ ಏನು ತಿನ್ನುತ್ತದೆಂದು ಅಜ್ಜಿಗೂ ಗೊತ್ತಿರಲಿಲ್ಲ, ಆ ಹಿರಿಯರಿಗೂ ಗೊತ್ತಿರಲಿಲ್ಲ. ಪೊಟರೆಯ ಕೆಳಗೆ ಹೋಗಿ ನೋಡಬೇಕು. ಹಾಲಕ್ಕಿ ಅರಗದ್ದನ್ನು ಉಂಡೆ ಮಾಡಿ ಉಗುಳುತ್ತದೆ. ಹೆಬ್ಬೆರಳಿನ ತುದಿಯಷ್ಟು ದಪ್ಪದ, ಒಣಗಿ ಹಗುರಾದ ಬೂದು ಉಂಡೆ. ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಮೊದಲು ಇಲಿಯ ಕೂದಲು ಬಿಚ್ಚಿಕೊಳ್ಳುತ್ತದೆ. ಅದರೊಳಗೆ ಜೀರುಂಡೆಯ ರೆಕ್ಕೆಯ ಗಟ್ಟಿ ಹೊದಿಕೆಗಳು, ಇನ್ನೂ ಹೊಳಪು ಹೋಗಿಲ್ಲ. ಮಿಡತೆಯ ಕಾಲಿನ ಗರಗಸ. ಒಂದರಲ್ಲಿ ಇಲಿಯ ಕೆಳದವಡೆ ಪೂರ್ತಿ ಇತ್ತು, ಕಿತ್ತಳೆ ಬಣ್ಣದ ಮುಂದಿನ ಹಲ್ಲಿನ ಸಮೇತ. ಭತ್ತದ ಕಣಜ ಕಾಯುವ ಹಕ್ಕಿ ಇದು. ಸಾವಿನ ಹಕ್ಕಿ ಎಂದುಕೊಂಡವರು ಮರದ ಬುಡಕ್ಕೆ ಹೋಗುವುದಿಲ್ಲ, ಹೋಗದವರಿಗೆ ಈ ಉಂಡೆ ಸಿಗುವುದಿಲ್ಲ. ಅಂಜಿಕೆ ಕಿವಿ ಕೊಟ್ಟಿತು, ಕಾಲು ಕಟ್ಟಿಹಾಕಿತು.

ಅಂಜಿಕೆ ಗಮನವನ್ನು ತಿದ್ದುವುದು ಹಕ್ಕಿ ಪ್ರಾಣಿಗಳ ಒಳಗೂ ನಡೆಯುತ್ತದೆ. ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಗಳು ಹೊರಗೆ ತೋರುವ ಬಗೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಆಮೇಲೂ ಬಹಳ ಕಾಲ ಪ್ರಾಣಿಯ ಕೂಗೆಂದರೆ ಬರಿಯ ಉದ್ವೇಗ, ಅದರಲ್ಲಿ ಸುದ್ದಿ ಇಲ್ಲ ಎಂದೇ ಹೆಚ್ಚಿನವರು ತಿಳಿದಿದ್ದರು. 1980ರಲ್ಲಿ ಕೆನ್ಯಾದ ಅಂಬೋಸೆಲಿಯ ವರ್ವೆಟ್ ಕೋತಿಗಳ ಅಧ್ಯಯನ ಪ್ರಕಟವಾಯಿತು. ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಇನ್ನೊಂದು. ಯಾವ ಬೇಟೆಗಾರ ಪ್ರಾಣಿಯೂ ಇಲ್ಲದಾಗ ಬರಿಯ ಧ್ವನಿಮುದ್ರಣ ಕೇಳಿಸಿದರೂ ಮೊದಲನೆಯದಕ್ಕೆ ಮರ ಹತ್ತುತ್ತಿದ್ದವು, ಎರಡನೆಯದಕ್ಕೆ ಆಕಾಶ ನೋಡುತ್ತಿದ್ದವು, ಮೂರನೆಯದಕ್ಕೆ ನೆಲ ನೋಡುತ್ತಿದ್ದವು. ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಜಪಾನಿನ ತೊಷಿತಾಕಾ ಸುಜುಕಿ 2018ರಲ್ಲಿ ಪ್ರಕಟಿಸಿದ ಪ್ರಯೋಗ. ಅಲ್ಲಿಯ ಒಂದು ಪುಟಾಣಿ ಟಿಟ್ ಹಕ್ಕಿಗೆ ಹಾವಿನದೇ ಒಂದು ಎಚ್ಚರಿಕೆಯ ಕೂಗಿದೆ. ಅದನ್ನು ಕೇಳಿಸಿ ಒಂದು ಕಡ್ಡಿಯನ್ನು ಮರದ ಮೇಲೆ ಹಾವಿನಂತೆ ಸರಿಸಿದರೆ ಹಕ್ಕಿ ಹತ್ತಿರ ಬಂದು ಪರೀಕ್ಷಿಸುತ್ತದೆ. ಬೇರೆ ಕೂಗು ಕೇಳಿಸಿ ಅದೇ ಕಡ್ಡಿ ಸರಿಸಿದರೆ ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ಕೂಗು ಕಿವಿಗೆ ಬಿದ್ದ ಮೇಲೆ ಕಣ್ಣು ಹಾವನ್ನು ಹುಡುಕುತ್ತದೆ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ಇದನ್ನು ಬಹಳ ಸಲ ನೆನೆದಿದ್ದೇನೆ. ಸುಮಾರು 139 ಎಕರೆಯ ಕೋಟೆ, ಒಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ದನಗಳ ತಳಿ ಕೇಂದ್ರ, ಅದರ ನಡುವೆ ನವಿಲುಗಳು. 2006ರಲ್ಲಿ ಇದು ನವಿಲುಧಾಮವಾಯಿತು. ದನದ ಸಗಣಿಯಿಂದ ಹುಳುಹುಪ್ಪಡಿ, ಹುಳುಹುಪ್ಪಡಿಯಿಂದ ನವಿಲು. ಕಂದಕದ ಮುಳ್ಳುಕಂಟಿ ಮೊಟ್ಟೆಗೆ ಮರೆ. ಮೋಡ ಕಟ್ಟಿದ ದಿನ ಗಂಡುಗಳ ಉದ್ದ ಕೇಕೆ ಅರವತ್ತು ಕಂಬದ ನಗರೇಶ್ವರ ಗುಡಿಯ ಒಳಗೂ ಕೇಳುತ್ತದೆ. ನಾಯಿ ಹೊಕ್ಕರೆ ಕೂಗು ಬೇರೆ: ತುಂಡು ತುಂಡು, ಒರಟು, ಒಂದರ ಹಿಂದೊಂದು. ಆಗ ಅಳಿಲು ಕಾಂಡದ ಹಿಂದೆ ಸರಿಯುತ್ತದೆ, ಹರಟೆಮಲ್ಲಗಳು ಕಂಟಿಯೊಳಗೆ ನುಗ್ಗುತ್ತವೆ. ನವಿಲಿನ ಭಾಷೆ ನವಿಲಿಗಷ್ಟೇ ಅಲ್ಲ.

ನೋಡಲು ಬಂದವರು ಕುಣಿತ ನೋಡಿ, ಫೋಟೊ ತೆಗೆದುಕೊಂಡು, ಕೈಮುಗಿದು ಹೋಗುತ್ತಾರೆ. ಕೋಟೆಯಾಚೆ ಹೊಲ ಮಾಡಿರುವ ಒಬ್ಬರು ನನಗೆ ಹೇಳಿದ್ದು: “ನಿಮಗ ಕುಣಿಯೂ ನವಲು ಕಾಣ್ತೈತಿ, ನಮಗ ಕೆದರೂ ನವಲು ಕಾಣ್ತೈತ್ರಿ.” ಬಿತ್ತಿದ ಶೇಂಗಾ ಬೀಜವನ್ನು ಸಾಲು ಹಿಡಿದು ಕೆದರುವ ನವಿಲಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ನನಗಿರಲಿಲ್ಲ. ಯಾವ ಗಂಡಿನ ಹಿಂದೆ ಎಷ್ಟು ಹೆಣ್ಣು, ಬೆಳಿಗ್ಗೆ ಯಾವ ಬದುವಿನಿಂದ ಇಳಿಯುತ್ತವೆ, ಮಳೆಗಾಲ ಮುಗಿಯುತ್ತ ಬಂದಾಗ ಗರಿ ಮೊದಲು ಉದುರುವುದು ಎಲ್ಲಿ, ಎಲ್ಲ ಅವರ ಲೆಕ್ಕದಲ್ಲಿತ್ತು. ಭಕ್ತಿಯ ಕಣ್ಣಿಗೆ ಕಾಣದ್ದು ಸಿಟ್ಟಿನ ಕಣ್ಣಿಗೆ ಕಂಡಿತ್ತು. ಗಂಡಿನ ಕಣ್ಣೀರು ಕುಡಿದು ಹೆಣ್ಣುನವಿಲು ಬಸುರಾಗುತ್ತದೆ ಎಂಬ ಮಾತು ನಮ್ಮಲ್ಲೂ ಇದೆ. 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ನಿವೃತ್ತಿಯ ದಿನ ಇದನ್ನೇ ಹೇಳಿ ದೇಶವೆಲ್ಲ ಸುದ್ದಿಯಾಗಿತ್ತು. ನವಿಲನ್ನು ಪವಿತ್ರವೆಂದು ಬಗೆದ ಮನಸ್ಸು ಅದರ ಕೂಡುವಿಕೆಯನ್ನು ಕಣ್ಣೆದುರಿಗಿದ್ದರೂ ನೋಡಲಾರದು. ಶೇಂಗಾ ಹೊಲದ ಆ ರೈತರಿಗೆ ಆ ಕೆಲವು ಕ್ಷಣಗಳ ಸಂಗತಿ ಯಾವ ರಹಸ್ಯವೂ ಅಲ್ಲ. ಹಾಗೆಂದು ಅವರು ನವಿಲಿಗೆ ಕಲ್ಲು ಎಸೆದವರೂ ಅಲ್ಲ. ತಗಡು ಬಡಿದು ಓಡಿಸುತ್ತಾರೆ, ಅಷ್ಟೇ.

ನಂಬಿಕೆಯಂತೆ ಹೆಸರೂ ಕಣ್ಣನ್ನು ದಾರಿ ತಪ್ಪಿಸಬಲ್ಲದು. ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅವು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಹತ್ತು ಜನ ಕೈ ಹಿಡಿದು ನಿಂತರೂ ಸುತ್ತು ಮುಗಿಯುವುದು ಕಷ್ಟ. ಎಲೆ ಬಿಚ್ಚಿದ ಅಂಗೈಯಂತೆ ಐದಾರು ಬೆರಳು, ಹುಣಸೆಯ ಸಣ್ಣ ಎಲೆಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೂರುಗದ ಬಳಗ. ಆದರೆ ಕಾಯಿಯೊಳಗಿನ ಬಿಳಿ ತಿರುಳು ಹುಳಿ. ಊರಿನ ಕನ್ನಡ ನಾಲಿಗೆ ಅದನ್ನು ಹುಣಸೆ ಎಂದಿತು, ಉರ್ದುವಿನವರು ಗೋರಖ್ ಇಮ್ಲಿ ಎಂದರು. ಇಬ್ಬರೂ ಕಣ್ಣು ಬಿಟ್ಟು ನಾಲಿಗೆಯನ್ನು ನಂಬಿದರು. ಹೂವನ್ನು ಕಂಡವರು ಕಡಿಮೆ, ಯಾಕೆಂದರೆ ಅದು ಸಂಜೆ ಮುಗಿದ ಮೇಲೆ ಅರಳುತ್ತದೆ. ಉದ್ದ ತೊಟ್ಟಿಗೆ ತಲೆಕೆಳಗಾಗಿ ಜೋತ ಅಂಗೈಯಗಲದ ಬಿಳಿ ಹೂ, ನಡುವೆ ಕೇಸರಗಳ ಚೆಂಡು, ಬಾವಲಿಗಳನ್ನು ಕರೆಯುವ ತುಸು ಕೊಳೆತ ವಾಸನೆ. ಮರುದಿನಕ್ಕೆ ಕಂದಿ ಬೀಳುತ್ತದೆ. 2023ರ ಜುಲೈ ಮಳೆಯಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿದಾಗ ಊರು ಹಿರಿಯರೊಬ್ಬರನ್ನು ಕಳೆದುಕೊಂಡ ಹಾಗೆ ನೆರೆಯಿತು. ಕೊಂಬೆ ಸವರಿ, ಯಂತ್ರ ತಂದು, ಮರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹೆಸರು ತಪ್ಪಿರಬಹುದು, ನಂಟು ತಪ್ಪಿರಲಿಲ್ಲ. ಆ ನಂಟು ಇಲ್ಲದ ಮರವಾಗಿದ್ದರೆ ಅದು ಅದೇ ವಾರ ಕಟ್ಟಿಗೆಯಾಗುತ್ತಿತ್ತು.

ಇನ್ನು ಭತ್ತ. ನನ್ನ ಮನಸ್ಸು ನಿಲ್ಲುವುದು ಇಲ್ಲಿ. ಹಾನಗಲ್ಲಿನ ಕಡೆ ನಾಟಿಗಿಂತ ಮೊದಲಿನಿಂದ ರೂಢಿಯಲ್ಲಿರುವುದು ಕೂರಿಗೆ ಬಿತ್ತನೆ. ಮುಂಗಾರಿನ ಹೊಸ್ತಿಲಲ್ಲಿ ಒಣನೆಲಕ್ಕೇ ಬೀಜ ಹಾಕುತ್ತಾರೆ, ಮಳೆ ಬಂದ ಮೇಲೆ ಎಡೆ ಹೊಡೆಯುತ್ತಾರೆ, ನೀರು ನಿಲ್ಲುವುದು ಆಮೇಲೆ. ಶೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆ ತುಂಬಿರುತ್ತದೆ. ಆ ದಿನ ಭೂಮಿತಾಯಿ ಬಸುರಿ. ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಕಡುಬು, ಹೋಳಿಗೆ, ರೊಟ್ಟಿ, ಪಲ್ಯ ಎಲ್ಲವನ್ನೂ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ, ಒಬ್ಬರು ಕೂಗಿದ್ದಕ್ಕೆ ಹಿಂದೆ ಬರುವವರು ಓಗೊಡುತ್ತಾರೆ. ಬಸುರಿಯ ಬಯಕೆ ತೀರಿಸುವ ಶಾಸ್ತ್ರ.

ಶಾಸ್ತ್ರವೆಂದು ನಾನು ಅಷ್ಟಕ್ಕೇ ಬಿಡುವುದಿಲ್ಲ. ಹೊಡೆ ಒಡೆದ ಮೇಲೆ ಬೆಳಿಗ್ಗೆ ಒಂಬತ್ತು ಹತ್ತರ ಬಿಸಿಲಿನಲ್ಲಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ತೆನೆಯನ್ನು ಕಣ್ಣ ಹತ್ತಿರ ತಂದುಕೊಳ್ಳಿ. ಹಸಿರು ಹೊಟ್ಟಿನ ಎರಡು ತುಟಿ ಸದ್ದಿಲ್ಲದೆ ಬಿರಿಯುತ್ತವೆ. ಆರು ಕೇಸರಗಳು ಹೊರಗೆ ಇಣುಕಿ ಜೋತುಬೀಳುತ್ತವೆ. ಉಗುರು ಸೋಕಿದರೆ ಹಳದಿ ಧೂಳು. ಒಂದು ಒಂದೂವರೆ ಗಂಟೆಯಲ್ಲಿ ತುಟಿ ಮುಚ್ಚಿಕೊಳ್ಳುತ್ತದೆ, ಕೇಸರಗಳು ಹೊರಗೇ ಉಳಿದು ಬಾಡುತ್ತವೆ. ಆ ದಿನಗಳಲ್ಲಿ ನೀರಿನ ಕೊರತೆಯಾದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಪೈರಿನ ಬಾಳಿನಲ್ಲಿ ಇಷ್ಟು ನಾಜೂಕಾದ ಹೊತ್ತು ಇನ್ನೊಂದಿಲ್ಲ ಎಂದು ಕೃಷಿ ವಿಜ್ಞಾನವೂ ಹೇಳುತ್ತದೆ. ಬಸುರಿ ಎಂದು ಕರೆದವರು ಈ ಹೊತ್ತಿನಲ್ಲಿ ಗದ್ದೆಗೆ ಇಳಿಯುವುದಿಲ್ಲ, ಮಡಿಯ ನೀರು ಒಡೆಯಲು ಬಿಡುವುದಿಲ್ಲ. ಕಾಳು ಒತ್ತಿದರೆ ಬಿಳಿ ರಸ ಬರುವ ಹಂತಕ್ಕೆ ಹಾಲು ತುಂಬಿತು ಎನ್ನುತ್ತಾರೆ. ತೆನೆತಿಗಣೆ ಬಂದು ಹೀರುವುದು ಆ ಹಾಲನ್ನೇ. ಅದು ಕಣ್ಣಿಗೆ ಬೀಳುವ ಮುಂಚೆ ಮೂಗಿಗೆ ಬೀಳುತ್ತದೆ. ಗಾಳಿ ಬೀಸಿದ ಕಡೆಯಿಂದ ಕಮಟು ವಾಸನೆ ಬಂದದ್ದೇ ತಡ, ಒಬ್ಬ ತಾಯಿ “ಹಾಲಿಗೆ ಕಣ್ಣು ಹಾಕ್ಯಾವ ನೋಡ್ರಿ” ಎಂದು ಆ ಮಡಿಯ ಕಡೆ ನೆಟ್ಟಗೆ ನಡೆದರು. ನಾನು ಇನ್ನೂ ತೆನೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದೆ.

ಬಸುರಿ, ಹಾಲು ಎಂಬಂಥ ಮೈಗೆ ತಾಗಿದ ಮಾತಿನಲ್ಲೇ, ಇದೇ ತಾಲ್ಲೂಕುಗಳ ನೆಲದಲ್ಲಿ, ಶಿಶುನಾಳದ ಶರೀಫರು (1819–1889) ಆತ್ಮದ ಮಾತನ್ನು ಮಾಳಿಗೆ, ಮಳೆ, ಹಾವು, ಕೋಳಿಗಳ ಮೂಲಕ ಹೇಳಿದರು. ಕೇಳುವವರು ಅವುಗಳನ್ನು ಮೊದಲೇ ಮೈಯಲ್ಲಿ ಅನುಭವಿಸಿದ್ದರಿಂದ ಅದು ಸಾಧ್ಯವಾಯಿತು. ಹಿರೇಕೆರೂರಿನ ಕಡೆಯ ಸರ್ವಜ್ಞನೂ ಹಾಗೆಯೇ.

ಹಿರೇಕೆರೂರಿಗೆ ಬಂದರೆ ಈಗ ಕಣ್ಣಿನ ತುಂಬ ಗೋವಿನಜೋಳ. ಜೂನಿನಲ್ಲಿ ಬಿತ್ತಿದ್ದು ಶೀಗಿ ಹುಣ್ಣಿಮೆಗೆ ಒಣಗಿ ನಿಂತಿರುತ್ತದೆ, ಕೆಲವು ಕಡೆ ಮುರಿದೂ ಆಗಿರುತ್ತದೆ. ಚರಗ ಆ ಹೊಲಕ್ಕೂ ಬೀಳುತ್ತದೆ, ಕೂಗೂ ಇರುತ್ತದೆ, ಬಸುರಿ ಮಾತ್ರ ಇರುವುದಿಲ್ಲ. ಹೆತ್ತು ಮುಗಿದವಳಿಗೆ ಬಯಕೆಯ ಊಟ. ಮಾತು ಉಳಿದು ಅದು ತೋರಿಸುತ್ತಿದ್ದ ಹೊತ್ತು ಜಾರಿದೆ. ಗೋವಿನಜೋಳಕ್ಕೂ ನಾಜೂಕಾದ ಹೊತ್ತಿದೆ: ಮೇಲೆ ಸೂಲಂಗಿ ಬಿಚ್ಚಿ ತೆನೆಯ ತುದಿಯಲ್ಲಿ ರೇಷ್ಮೆ ಇಳಿಯುವಾಗ. ಆ ದಿನಗಳಿಗೆ ಒಂದು ಹಬ್ಬ ಇಲ್ಲ, ಅಕ್ಕರೆಯ ಹೆಸರಿಲ್ಲ. ಬೀಜದ ಚೀಲದ ಮೇಲಿನ ನಂಬರು ಎಲ್ಲರಿಗೂ ಬಾಯಿಪಾಠ.

ಆದರೆ ಹೊಸ ನೋವು ಹೊಸ ತಿಳಿವನ್ನು ತಂದೇ ತರುತ್ತದೆ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಪುಸ್ತಕದ ಹೆಸರು ಹಳ್ಳಿಗೆ ಬರುವಷ್ಟರಲ್ಲಿ ರೈತರು ಅದನ್ನು ಲದ್ದಿಹುಳು ಅನ್ನುತ್ತಿದ್ದರು, ಸುಳಿಯೊಳಗೆ ಅದು ತುಂಬುವ ಒದ್ದೆ ಹೊಟ್ಟಿನಂಥ ಲದ್ದಿಯಿಂದ. ಹಿರೇಕೆರೂರಿನ ಒಂದು ಹೊಲದಲ್ಲಿ ಹಿರಿಯರೊಬ್ಬರು ಸುಳಿ ಬಿಡಿಸಿ ಹುಳುವನ್ನು ಅಂಗೈಗೆ ಉದುರಿಸಿಕೊಂಡರು. ಹಣೆಯ ಮೇಲೆ ಬಿಳಿ ಗೆರೆಗಳ ಕವಲು, ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಗೆ ನಾಲ್ಕು ಕಪ್ಪು ಚುಕ್ಕಿ. ಇತರ ಹುಳುಗಳಿಂದ ಬೇರೆ ಮಾಡುವ ಗುರುತು ಇವೇ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. “ಇದರ ಹಣೀಗೆ ಕವಲು ಬರದಾರ್ರಿ. ಮೊದಲಿನ ಹುಳಕ್ಕ ಇದು ಇರಲಿಲ್ಲ. ಇದು ರಾತ್ರಿ ತಿಂತೈತಿ, ಬಿಸಲಾದ್ರ ಸುಳಿಯಾಗ ಹೊಕ್ಕೊಂಡು ಕುಂದರ್ತೈತಿ. ಅದಕ್ಕ ಬೆಳಗಾಗೂದ್ರಾಗ ಬರಬೇಕು” ಎಂದರು. ಯಾವ ಬದುವಿನ ಕಡೆಯಿಂದ ಎಷ್ಟನೇ ಸಾಲಿನವರೆಗೆ ಬಂದಿದೆ ಎಂದು ಕೈಮಾಡಿ ತೋರಿಸಿದರು. ಮೊಟ್ಟೆ ಇಟ್ಟ ಎಲೆಗಳನ್ನು ಕಿತ್ತು ಉಡಿಯಲ್ಲಿ ತುಂಬಿಕೊಂಡಿದ್ದ ಅವರ ಸೊಸೆ ಒಂದು ಎಲೆ ಬಿಡಿಸಿ, ಕೂದಲಿನಂಥ ನುಣುಪು ಹೊದಿಕೆಯ ಕೆಳಗಿನ ಮೊಟ್ಟೆಯ ರಾಶಿಯನ್ನು ನನ್ನ ಪುಸ್ತಕದ ಮೇಲೇ ಇಟ್ಟು, “ಇದನ್ನೂ ಬರಕೊಳ್ರಿ, ಇದು ಕಂಡರ ಹುಳ ಕಾಣೂದ ಬ್ಯಾಡ” ಎಂದು ಮುಂದಿನ ಸಾಲಿಗೆ ಹೋದರು.