ಶುಶ್ರೂಷಾವಿದ್ಯೆಯ ಮೊದಲ ಪಾಠಗಳು

ಶುಶ್ರೂಷೆಯನ್ನು ವೃತ್ತಿಯಾಗಿ ಕಲಿಯಹೊರಟ ತರುಣಿಗೆ ಔಷಧಗಳ ಹೆಸರಿಗಿಂತ ಮೊದಲು ಕಲಿಸುವುದು ಹಾಸಿಗೆ ಹಾಸುವ ವಿದ್ಯೆಯನ್ನು. ಮನೆಯಲ್ಲಿ ದಿನವೂ ಮಾಡಿದ ಕೆಲಸವೇ ಅಲ್ಲವೆ ಎಂದು ಮೊದಮೊದಲು ಅವಳಿಗೆ ಅನ್ನಿಸಿದರೂ, ಚಾದರದಲ್ಲಿ ಉಳಿದ ಸುಕ್ಕು, ಆರದ ತೇವ, ಬಿದ್ದ ರೊಟ್ಟಿಯ ಚೂರು, ತಾನಾಗಿ ಮಗ್ಗುಲು ಬದಲಿಸಲಾರದ ರೋಗಿಯ ಬೆನ್ನಿಗೆ ಒತ್ತಿ, ಚರ್ಮವನ್ನು ಕೆಂಪಾಗಿಸಿ, ಕಡೆಗೆ ಎಲುಬಿನವರೆಗೂ ಇಳಿಯಬಲ್ಲ ಹುಣ್ಣಿಗೆ ದಾರಿ ಮಾಡಿಕೊಡುವುದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡ ಬಳಿಕ ಅವಳ ಕೈಯ ಚಲನೆಯೇ ಬೇರೆಯಾಗುತ್ತದೆ.

ನವಿಮುಂಬಯಿಯ ತುರ್ಭೆಯ ಕಲ್ಲುಗಣಿಗಳಲ್ಲಿ, ಎಪಿಎಂಸಿ ಮಾರುಕಟ್ಟೆಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯಲು ಬಂದು ನೆಲೆಸಿದ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳಿಗೆ ಈ ವಿದ್ಯೆ ದೂರದ್ದಲ್ಲ. ಲೋಕಲ್ ರೈಲು ಹಿಡಿದು ಜುಯಿನಗರ ದಾಟಿದರೆ ನೆರೂಲ, ಅಲ್ಲಿಯೇ ಡಿ.ವೈ. ಪಾಟೀಲ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಿದೆ. ಹನ್ನೆರಡನೆಯ ತರಗತಿಯ ನಂತರ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಶಿಕ್ಷಣಕ್ಕೆ 3 ವರ್ಷ, ಬಿ.ಎಸ್ಸಿ. ನರ್ಸಿಂಗ್‌ಗೆ 4 ವರ್ಷ.

ಬೊಂಬೆಯ ಮೇಲೆ ಅಭ್ಯಾಸಮಾಡಿ ಬಂದ ಮೊದಲ ವರ್ಷದ ಹುಡುಗಿ ಜೀವಂತ ದೇಹದ ಎದುರು ನಿಂತಾಗ ಹಿಂಜರಿಯುವುದು ಸಹಜವೇ. ಪರಪುರುಷನ ಮೈ ಒರೆಸಬೇಕು, ಮಲಮೂತ್ರದ ಪಾತ್ರೆ ಎತ್ತಬೇಕು. ಸಿಂದಗಿಯ ಕಡೆಯ ಮುದುಕಿಯೊಬ್ಬಳು "ಯವ್ವಾ, ಆ ಮಗ್ಗಲಕ್ಕ ಹೊಳ್ಳಸವ್ವ" ಎಂದಾಗ, "ಹೆದರಬ್ಯಾಡ್ರಿ ಆಯಿ, ನಾ ಹಿಡದೀನಿ" ಎನ್ನುತ್ತ, ಮೈಯನ್ನು ಎಳೆಯದೆ, ಅಡಿಯಲ್ಲಿ ಹಾಸಿದ ಬಟ್ಟೆಯ ಸಹಾಯದಿಂದ ಇಬ್ಬರು ಕೂಡಿ ಹೊರಳಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ, ಸೊಂಟದ ಹಿಂದಿನ ಚರ್ಮವನ್ನು ಕಣ್ಣಿಟ್ಟು ನೋಡಿ, ಇನ್ನೆರಡು ತಾಸಿಗೆ ಮತ್ತೆ ಬರಬೇಕೆಂದು ಗುರುತುಹಾಕಿಕೊಳ್ಳುವಷ್ಟರಲ್ಲಿ, ಅಸಹ್ಯಕ್ಕೆ ಅವಳ ಮನಸ್ಸಿನಲ್ಲಿ ಸ್ಥಳವೇ ಉಳಿದಿರುವುದಿಲ್ಲ. ಧೈರ್ಯವು ಮೊದಲು ಹುಟ್ಟಿ ಕೈ ಅದನ್ನು ಅನುಸರಿಸುತ್ತದೆಂದು ನಾವು ತಿಳಿದಿರುತ್ತೇವೆ. ಶುಶ್ರೂಷೆಯಲ್ಲಿ ಕೈ ಮೊದಲು ಕಲಿಯುತ್ತದೆ, ಮನಸ್ಸು ಆಮೇಲೆ ಅದರ ಜೊತೆಗೂಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇಂಥ ಕೈಗಳ ಸೇವೆಯ ಪರಮ ನಿದರ್ಶನ ಮುಂಬಯಿಯ ಪರೇಲಿನಲ್ಲಿದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬನ ಪಾಶವೀ ಆಕ್ರಮಣಕ್ಕೆ ತುತ್ತಾಗಿ ಪ್ರಜ್ಞೆಯನ್ನು ಕಳೆದುಕೊಂಡವಳು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿ ಮಲಗಿದ್ದಳು. ನಾಲ್ಕು ದಶಕಗಳಲ್ಲಿ ಎಷ್ಟೋ ತಲೆಮಾರಿನ ದಾದಿಯರು ಬಂದರು, ನಿವೃತ್ತರಾದರು. ಅವಳನ್ನು ತಮ್ಮವಳೆಂದೇ ಭಾವಿಸಿ ಉಣಿಸಿದರು, ಮೀಯಿಸಿದರು, ಮಗ್ಗುಲು ಬದಲಿಸಿದರು. ಅವಳಿಗೆ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬ ಸಂಗತಿ ಸುಪ್ರೀಂ ಕೋರ್ಟಿನ 2011ರ ಮಾರ್ಚ್ 7ರ ತೀರ್ಪಿನಲ್ಲಿ ದಾಖಲಾಗಿದೆ. ಆಹಾರವನ್ನು ನಿಲ್ಲಿಸಬೇಕೆಂಬ ಮನವಿಯನ್ನು ತಳ್ಳಿಹಾಕುವಾಗ ನ್ಯಾಯಾಲಯವು, ಅವಳ ಪರವಾಗಿ ನಿರ್ಧರಿಸತಕ್ಕವರು ಆ ಆಸ್ಪತ್ರೆಯ ಸಿಬ್ಬಂದಿಯೇ ಎಂದು ಹೇಳಿತು. ಗುಣವಾಗುವ ಆಸೆಯೇ ಇಲ್ಲದ ಕಡೆ ಇಂಥ ಸೇವೆಯನ್ನು ನಡೆಸಿದವರ ಅಂತಃಸತ್ತ್ವವನ್ನು ನೆನೆದಾಗ ತಲೆ ತಾನಾಗಿ ಬಾಗುತ್ತದೆ.

ರಾತ್ರಿಪಾಳಿಯ ಒಂಟಿತನ, ಮೊದಲ ಮರಣ, ಕಣ್ಮುಚ್ಚಿದವರ ಮೈ ತೊಳೆದು ಬಂಧುಗಳಿಗೊಪ್ಪಿಸುವ ಕರ್ತವ್ಯ, ಇವೆಲ್ಲ ಇಪ್ಪತ್ತು ದಾಟದ ಹುಡುಗಿಯ ಮೇಲೆ ಬೀಳುತ್ತವೆ. ಇಂಥ ಮಗಳಿಗೆ ಮನೆಯಲ್ಲಿ ಬಿಸಿ ಊಟವೂ ಹಗಲುನಿದ್ರೆಯ ಅವಕಾಶವೂ ದೊರೆಯಬೇಕು.

ರಾತ್ರಿಪಾಳಿಯ ಅಂಜಿಕೆಯಿಂದ ಮಗಳನ್ನು ತಡೆಯುವ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೇ: ಅವಳನ್ನು ಕಳುಹಿಸಿರಿ, ಆದರೆ ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಹಾಗೂ ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನ ಮಾನ್ಯತೆಯಿದೆಯೇ ಎಂದು ವಿಚಾರಿಸಿಕೊಳ್ಳಿರಿ. ಮಾನ್ಯತೆಯಿಲ್ಲದ ಕಡೆ ಓದಿದವಳಿಗೆ ಪರಿಷತ್ತಿನ ನೋಂದಣಿ ದೊರೆಯುವುದಿಲ್ಲ.